ಚಿಪ್ಪಿನ ಹಣೆಬರಹ: ಮೂರು ಭಾನುವಾರ ಓಡದ ಒಂದು ಝಡ್-80 ಕಂಪ್ಯೂಟರ್

ಮೇಜಿನ ಮೇಲೆ ಒಂದು ಬ್ರೆಡ್‌ಬೋರ್ಡ್, ಬೆಸುಗೆ ಇಲ್ಲದೆ ತಂತಿ ಚುಚ್ಚಿ ಸರ್ಕ್ಯೂಟ್ ಕಟ್ಟುವ ಹಲಗೆ. ಅದರ ಮೇಲೆ 40 ಕಾಲಿನ ಕಪ್ಪು ಚಿಪ್, ಝಡ್-80 ಅನ್ನುವ ಹಳೆಯ ಪ್ರೊಸೆಸರ್. ಪಕ್ಕದಲ್ಲಿ ಸಾಲಾಗಿ ಎಂಟು ಕೆಂಪು ಎಲ್‌ಇಡಿ. ಅವು ಸೊನ್ನೆಯಿಂದ ಶುರು ಮಾಡಿ ಒಂದು, ಎರಡು, ಮೂರು ಅಂತ ಬೈನರಿಯಲ್ಲಿ ಎಣಿಸಬೇಕು. ಅಷ್ಟೇ ಕೆಲಸ. ನನ್ನವು ಮೂರರವರೆಗೆ ಎಣಿಸಿ ಆಮೇಲೆ ಎಲ್ಲಿಗೋ ಹಾರುತ್ತಿದ್ದವು. ರೀಸೆಟ್ ಒತ್ತಿದರೆ ಮತ್ತೆ ಸೊನ್ನೆ. ಈ ಸಲ ಐದರವರೆಗೆ ಹೋಗಿ ಹಾರಿದವು. ಇನ್ನೊಂದು ಸಲ ಒಂದಕ್ಕೇ ಸುಸ್ತು.

ಮೂರು ಭಾನುವಾರ ಇದರಲ್ಲೇ ಹೋದವು. ಏನಾಗಿತ್ತು, ನಾನು ಎಲ್ಲೆಲ್ಲಿ ಹುಡುಕಿದೆ, ತಪ್ಪು ಎಲ್ಲಿತ್ತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಈಗ ಝಡ್-80 ಕೊಂಡು ಕಂಪ್ಯೂಟರ್ ಕಟ್ಟಲು ಹೊರಟವರಿಗೆ ಇದೇ ಕಷ್ಟ ಎದುರಾದರೆ ಆಶ್ಚರ್ಯವಿಲ್ಲ.

ಯಾಕೆ ಈ ಚಿಪ್

ಪಾಲಿಟೆಕ್ನಿಕ್‌ನಲ್ಲಿ ನಮಗೆ ಇಂಟೆಲ್‌ನ 8085 ಪ್ರೊಸೆಸರಿನ ಕಿಟ್ ಇತ್ತು. ಕೆಂಪು ಸೆವೆನ್ ಸೆಗ್ಮೆಂಟ್ ಅಂಕಿಗಳು, ಕೆಳಗೆ ಸವೆದ ಕೀಪ್ಯಾಡ್. ಚಿಪ್ಪಿಗೆ ಕೊಡುವ ಆದೇಶಗಳನ್ನು ಹೆಕ್ಸಾಡೆಸಿಮಲ್ ಸಂಕೇತದಲ್ಲಿ ಒತ್ತಬೇಕು: 3ಇ ಒತ್ತು, ನೆಕ್ಸ್ಟ್ ಒತ್ತು, 05 ಒತ್ತು, ನೆಕ್ಸ್ಟ್ ಒತ್ತು. ಎರಡು ಸಂಖ್ಯೆ ಕೂಡಿಸಿ ಉತ್ತರ ಬಂದರೆ ರೆಕಾರ್ಡ್ ಪುಸ್ತಕಕ್ಕೆ ಸಹಿ. ಆ ಮುಚ್ಚಳದ ಕೆಳಗೆ ಏನಿದೆ ಅಂತ ಯಾರೂ ತೋರಿಸಲಿಲ್ಲ. ನಾವೂ ಕೇಳಲಿಲ್ಲ ಅನ್ನಿ. ಪರೀಕ್ಷೆಗೆ ಅದು ಬರುತ್ತಿರಲಿಲ್ಲ.

ಅದನ್ನು ಒಂದು ಸಲ ಕೈಯಾರೆ ಕಟ್ಟಿ ನೋಡಬೇಕು ಅನ್ನುವ ಆಸೆ ಇಪ್ಪತ್ತು ವರ್ಷದಿಂದ ಉಳಿದಿತ್ತು. 8085 ಬಿಟ್ಟು ಝಡ್-80 ಆರಿಸಿದ್ದಕ್ಕೆ ಕಾರಣ ಇದೆ. 8085ರಲ್ಲಿ ಡೇಟಾ ಮತ್ತು ಅಡ್ರೆಸ್‌ನ ಕೆಳಗಿನ ಎಂಟು ಬಿಟ್ ಒಂದೇ ಪಿನ್ನುಗಳಲ್ಲಿ ಸರದಿ ಮೇಲೆ ಬರುತ್ತವೆ. ಬೇರ್ಪಡಿಸಲು ಇನ್ನೊಂದು ಲ್ಯಾಚ್, ಅಂದರೆ ಬಿಟ್‌ಗಳನ್ನು ಹಿಡಿದಿಟ್ಟುಕೊಳ್ಳುವ ಚಿಪ್, ಬೇಕು. ಝಡ್-80ಗೆ 16 ಅಡ್ರೆಸ್ ಪಿನ್ ಬೇರೆ, 8 ಡೇಟಾ ಪಿನ್ ಬೇರೆ. ಬ್ರೆಡ್‌ಬೋರ್ಡಿನಲ್ಲಿ ತಂತಿ ಎಳೆಯುವವನಿಗೆ ಇದು ದೊಡ್ಡ ಉಪಕಾರ.

ಇವೆರಡೂ ದಾಯಾದಿಗಳು. ಫೆಡೆರಿಕೊ ಫ್ಯಾಜಿನ್ ಇಂಟೆಲ್ ಬಿಟ್ಟು ರಾಲ್ಫ್ ಉಂಗರ್‌ಮನ್ ಜೊತೆ ಝೈಲಾಗ್ ಕಂಪನಿ ಕಟ್ಟಿದರು. ಇಂಟೆಲ್‌ನಲ್ಲಿ 8080 ಮೇಲೆ ಕೆಲಸ ಮಾಡಿದ್ದ ಮಸತೊಶಿ ಶಿಮಾ ಕೂಡ ಅಲ್ಲಿಗೇ ಬಂದರು. 1976ರಲ್ಲಿ ಝಡ್-80 ಬಂತು. 8080ಗೆ ಬರೆದ ಪ್ರೋಗ್ರಾಮ್ ಇದರಲ್ಲೂ ಓಡಬೇಕು ಎಂದೇ ಮಾಡಿದ ಚಿಪ್ ಅದು. 8085 ಕೂಡ ಅದೇ 8080ರ ಮುಂದಿನ ತಲೆಮಾರು. ಅದಕ್ಕೇ ನಮ್ಮ ಲ್ಯಾಬಿನ 3ಇ ಇಲ್ಲೂ 3ಇ, 76 ಇಲ್ಲೂ ಹಾಲ್ಟ್. ಹೆಸರು ಮಾತ್ರ ಬೇರೆ, ಎಂವಿಐ ಹೋಗಿ ಎಲ್‌ಡಿ. ಹಳೆಯ ಊರಿಗೆ ಹೋದ ಹಾಗೆ, ಬೀದಿಗಳ ಹೆಸರು ಬದಲಾಗಿವೆ, ಮನೆಗಳು ಅವೇ.

ಸಾಮಾನು ತರಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಬ್ರೆಡ್‌ಬೋರ್ಡ್, ರೆಸಿಸ್ಟರ್, 74 ಸರಣಿಯ ಚಿಪ್‌ಗಳು, ಒಂದು ಮುಷ್ಟಿ 104 ಕೆಪಾಸಿಟರ್, ಕ್ಲಾಕ್ ಬಡಿತ ಕೊಡಲು 555 ಟೈಮರ್, ಎಲ್ಲ ಸಿಕ್ಕಿದವು. ಝಡ್-80 ಕೇಳಿದರೆ ಒಬ್ಬರು ನನ್ನ ಮುಖ ನೋಡಿ ನಕ್ಕರು. ನಾನು ಕೇಳಿದ ಅಂಗಡಿಗಳಲ್ಲಿ ಇರಲಿಲ್ಲ. ಮನೆಗೆ ಬಂದು ಆನ್‌ಲೈನ್‌ನಲ್ಲಿ ತರಿಸಿದೆ.

ಹತ್ತು ದಿನದಲ್ಲಿ ಬಂತು. ತಲೆ ಮೇಲೆ ಬಿಳಿ ಅಕ್ಷರದಲ್ಲಿ ಝಡ್84ಸಿ0010 ಅಂತ ಇತ್ತು. ನಡುವಿನ ‘ಸಿ’ ಅಂದರೆ ಸಿಮಾಸ್, ತೀರಾ ಕಡಿಮೆ ಕರೆಂಟ್ ಕುಡಿಯುವ ಚಿಪ್ ಮಾಡುವ ತಂತ್ರ. ಕೊನೆಯ 10 ಅಂದರೆ 10 ಮೆಗಾಹರ್ಟ್ಸ್‌ವರೆಗೆ ಓಡುತ್ತದೆ. ಅಕ್ಷರ ಎಷ್ಟು ಸ್ಪಷ್ಟ ಅಂದರೆ ನಿನ್ನೆ ಅಚ್ಚು ಹಾಕಿದ ಹಾಗಿತ್ತು. ಆಗ ಅದು ಖುಷಿ ಕೊಟ್ಟಿತು. ಅನುಮಾನ ಬರಬೇಕಿತ್ತು.

ಏನೂ ಮಾಡದ ಪರೀಕ್ಷೆ

ಝಡ್-80 ಕಟ್ಟುವವರೆಲ್ಲ ಮೊದಲು ಮಾಡುವ ಪರೀಕ್ಷೆ ಒಂದಿದೆ. ಮೆಮೊರಿ ಬೇಡ, ಪ್ರೋಗ್ರಾಮ್ ಬೇಡ. ಎಂಟು ಡೇಟಾ ಪಿನ್ನುಗಳನ್ನೂ ರೆಸಿಸ್ಟರ್ ಮೂಲಕ ಗ್ರೌಂಡಿಗೆ ಕಟ್ಟಿಬಿಡಬೇಕು. ಚಿಪ್ ಎಲ್ಲಿ ಓದಿದರೂ 00 ಸಿಗುತ್ತದೆ. ಅದರ ಭಾಷೆಯಲ್ಲಿ 00 ಅಂದರೆ ‘ನಾಪ್’, ಏನೂ ಮಾಡಬೇಡ, ಮುಂದಕ್ಕೆ ಹೋಗು. ಹಾಗೆ ಅದು ಸೊನ್ನೆಯಿಂದ ಒಂದೊಂದೇ ವಿಳಾಸ ದಾಟುತ್ತಾ ಹೋಗುತ್ತದೆ. ಅಡ್ರೆಸ್ ಪಿನ್ನುಗಳಿಗೆ ಎಲ್‌ಇಡಿ ಹಾಕಿದರೆ ಎಣಿಕೆ ಕಣ್ಣಿಗೆ ಕಾಣುತ್ತದೆ.

ಒಂದು ನಾಪ್‌ಗೆ ನಾಲ್ಕು ಕ್ಲಾಕ್ ಬಡಿತ ಬೇಕು. 555ರಿಂದ ಸೆಕೆಂಡಿಗೆ ಸುಮಾರು ಒಂದು ಬಡಿತ ಕೊಟ್ಟೆ. ಸಿಮಾಸ್ ಝಡ್-80ರ ಗುಣವೇ ಅದು. ಎಷ್ಟು ನಿಧಾನ ಬೇಕಾದರೂ ಓಡಿಸಬಹುದು, ನಡುವೆ ನಿಲ್ಲಿಸಿ ಕಾಫಿ ಕುಡಿದು ಬರಬಹುದು. ಬಿಟ್ಟಲ್ಲೇ ಕಾಯುತ್ತಿರುತ್ತದೆ.

ನನ್ನದು ಕಾಯಲಿಲ್ಲ.

ಮೊದಲ ಭಾನುವಾರ: ಬೆರಳು

ಮೊದಲು ಪವರ್ ಪಿನ್ ನೋಡಿದೆ. 74 ಸರಣಿಯ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಒಂದು ಮೂಲೆಗೆ 5 ವೋಲ್ಟ್, ಎದುರು ಮೂಲೆಗೆ ಗ್ರೌಂಡ್. ಝಡ್-80ರಲ್ಲಿ ಹಾಗಲ್ಲ. 11ನೇ ಪಿನ್ 5 ವೋಲ್ಟ್, 29ನೇ ಪಿನ್ ಗ್ರೌಂಡ್. ಅದು ಸರಿ ಇತ್ತು.

ಆಗ ಒಂದು ವಿಚಿತ್ರ ಕಂಡಿತು. ಬೋರ್ಡಿನ ಬಲಗಡೆಗೆ ಕೈ ಒಯ್ದರೆ ಸಾಕು, ಎಲ್‌ಇಡಿಗಳೆಲ್ಲ ಆರುತ್ತಿದ್ದವು. ಕೈ ತೆಗೆದರೆ ಮತ್ತೆ ಶುರು. ಮಗಳು ನೋಡಿ "ಅಪ್ಪ, ಅದಕ್ಕೆ ನಿನ್ನ ಕಂಡರೆ ಭಯ" ಅಂದಳು.

ಭಯ ಅಲ್ಲ, ನನ್ನ ಸೋಮಾರಿತನ. ಝಡ್-80ಗೆ ಹೊರಗಿನಿಂದ ಅಡ್ಡಿಪಡಿಸುವ ನಾಲ್ಕು ಪಿನ್ ಇವೆ: ವೇಟ್, ಇಂಟ್, ಎನ್‌ಎಂಐ, ಬಸ್‌ರಿಕ್ವೆಸ್ಟ್. ನಾಲ್ಕೂ ತಗ್ಗಿಗೆ, ಅಂದರೆ ಸೊನ್ನೆ ವೋಲ್ಟಿನ ಹತ್ತಿರಕ್ಕೆ, ಇಳಿದಾಗ ಕೆಲಸ ಮಾಡುತ್ತವೆ. ಬಳಸದಿದ್ದರೆ ರೆಸಿಸ್ಟರ್ ಹಾಕಿ 5 ವೋಲ್ಟಿಗೆ ಕಟ್ಟಬೇಕು. ನಾನು ಮೂರನ್ನು ಕಟ್ಟಿ ಬಸ್‌ರಿಕ್ವೆಸ್ಟ್ ಬಿಟ್ಟಿದ್ದೆ. ಗಾಳಿಯಲ್ಲಿ ತೇಲುವ ಪಿನ್ ಆಂಟೆನಾ ಇದ್ದ ಹಾಗೆ. ಕೈ ಹತ್ತಿರ ಬಂದಾಗ ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಅದಕ್ಕೆ ತಾಗುತ್ತಿತ್ತು. ಚಿಪ್ ಪಾಪ, ‘ಯಾರೋ ಬಸ್ (ಅಡ್ರೆಸ್, ಡೇಟಾ ತಂತಿಗಳ ಗುಂಪು) ಕೇಳುತ್ತಿದ್ದಾರೆ’ ಅಂತ ತನ್ನ ಅಡ್ರೆಸ್ ಪಿನ್ನುಗಳನ್ನೆಲ್ಲ ಬಿಟ್ಟುಕೊಡುತ್ತಿತ್ತು.

10ಕೆ ರೆಸಿಸ್ಟರ್ ಹಾಕಿದೆ. ಭಯ ಹೋಯಿತು. ಆದರೆ ಎಣಿಕೆಯ ಹಾರಾಟ ನಿಲ್ಲಲಿಲ್ಲ.

ನನ್ನ ಹಾದಿ ತಪ್ಪಿದ್ದು ಇಲ್ಲೇ. ಒಂದು ನಿಜವಾದ ತಪ್ಪು ಸಿಕ್ಕಿತು, ಅದೂ ನನ್ನ ಕೈಯದ್ದೇ. ಹಾಗಾಗಿ ಎರಡನೆಯದೂ ನನ್ನ ಕೈಯದ್ದೇ ಇರಬೇಕು ಅಂದುಕೊಂಡೆ.

ಎರಡನೇ ಭಾನುವಾರ: ಸುಮ್ನೆ ಸುತ್ತಾಟ

ಈ ಭಾನುವಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 555 ಬದಲಿಸಿದೆ. ಕ್ಲಾಕ್ ಅಂಚು ಚೂಪಾಗಿರಲಿ ಅಂತ ಮಧ್ಯೆ 74ಎಚ್‌ಸಿ14 ಹಾಕಿದೆ. ಪ್ರತಿ ಚಿಪ್ಪಿನ ಪಕ್ಕ ಒಂದೊಂದು 104 ಚುಚ್ಚಿದೆ. ರೀಸೆಟ್ ಬಟನ್ ಕೆಟ್ಟಿರಬಹುದು ಅಂತ ತಂತಿಯನ್ನೇ ಗ್ರೌಂಡಿಗೆ ಮುಟ್ಟಿಸಿ ನೋಡಿದೆ. ಕೊನೆಗೆ ಇಡೀ ಬ್ರೆಡ್‌ಬೋರ್ಡ್ ಬಿಚ್ಚಿ ಹೊಸದರ ಮೇಲೆ ಮತ್ತೆ ಕಟ್ಟಿದೆ. ಎಲ್ಲ ಒಳ್ಳೆಯ ಕೆಲಸಗಳೇ. ಯಾವುದರಿಂದಲೂ ಏನೂ ಆಗಲಿಲ್ಲ.

ಅಷ್ಟರಲ್ಲಿ ಕಣ್ಣೆದುರು ಎರಡು ಸುಳಿವು ಇದ್ದವು. ಎಲ್‌ಇಡಿಗಳು ಮಂಕಾಗಿದ್ದವು. ಅವೇ ಎಲ್‌ಇಡಿ, ಅದೇ 1ಕೆ ರೆಸಿಸ್ಟರ್, ನೇರ 5 ವೋಲ್ಟಿಗೆ ಹಿಡಿದರೆ ಚೆನ್ನಾಗಿ ಹೊಳೆಯುತ್ತಿದ್ದವು. ಅಗ್ಗದ ಎಲ್‌ಇಡಿ ಅಂತ ಬೈದುಕೊಂಡು ಬಿಟ್ಟೆ. ಇನ್ನೊಂದು, ಚಿಪ್ ಬೆಚ್ಚಗಿತ್ತು. ಸುಡುವಷ್ಟಲ್ಲ, ಈಗಷ್ಟೇ ಕಾಫಿ ಕುಡಿದಿಟ್ಟ ಲೋಟದ ಹಾಗೆ. ಕಂಪ್ಯೂಟರ್ ಅಂದರೆ ಬೆಚ್ಚಗಾಗುತ್ತದೆ ಅಲ್ವಾ ಅಂದುಕೊಂಡೆ. ಸೆಕೆಂಡಿಗೆ ಒಂದು ಬಡಿತದಲ್ಲಿ ಓಡುವ ಸಿಮಾಸ್ ಚಿಪ್ ಬೆಚ್ಚಗಾಗಲು ಕಾರಣವೇ ಇಲ್ಲ ಅನ್ನುವುದು ತಲೆಗೆ ಹೊಳೆಯಲಿಲ್ಲ.

ಮೂರನೇ ಭಾನುವಾರ: ಮೀಟರ್

ಅವತ್ತು ಬೇರೇನೂ ತೋಚದೆ 5 ವೋಲ್ಟ್ ತಂತಿಯ ನಡುವೆ ಮಲ್ಟಿಮೀಟರ್ ಹಾಕಿ ಕರೆಂಟ್ ಅಳೆದೆ. 112 ಮಿಲಿಆಂಪ್. ಎಲ್‌ಇಡಿಗಳನ್ನು ಕಿತ್ತೆ, 101. ಝಡ್-80 ಕಿತ್ತೆ, 6.

ಅಂದರೆ ಈ ಚಿಪ್ ಒಂದೇ 95 ಮಿಲಿಆಂಪ್ ನುಂಗುತ್ತಿತ್ತು. ಸಿಮಾಸ್ ಝಡ್-80 ಮೆಗಾಹರ್ಟ್ಸ್ ವೇಗದಲ್ಲಿ ಓಡುವಾಗಲೂ ಇಷ್ಟು ಕೇಳುವುದಿಲ್ಲ. ಒಂದು ಹರ್ಟ್ಸ್‌ನಲ್ಲಂತೂ ಮೀಟರಿನ ಮುಳ್ಳು ಅಲ್ಲಾಡಬಾರದು. ಆದರೆ 1976ರಲ್ಲಿ ಬಂದ ಮೂಲ ಝಡ್-80, ಅಂದರೆ ಎನ್‌ಮಾಸ್ ತಂತ್ರದಲ್ಲಿ ಮಾಡಿದ್ದು, ಸುಮಾರು ಇಷ್ಟೇ ಕುಡಿಯುತ್ತದೆ.

ಹಳೆಯ ಎನ್‌ಮಾಸ್ ಚಿಪ್ಪಿನ ಡೇಟಾಶೀಟ್, ಅಂದರೆ ತಯಾರಕರು ಕೊಡುವ ವಿವರಪಟ್ಟಿ, ತೆಗೆದು ಓದಿದೆ. ಮೂರೂ ಒಗಟು ಒಂದೇ ಕಾಗದದಲ್ಲಿ ಬಿಡಿಸಿಕೊಂಡವು.

ಎಲ್‌ಇಡಿ ಮಂಕು ಯಾಕೆ? ಎನ್‌ಮಾಸ್ ಪಿನ್ ಎತ್ತರದಲ್ಲಿರುವಾಗ 2.4 ವೋಲ್ಟಿನಲ್ಲಿ ಕೊಡುವ ಖಾತ್ರಿ ಕರೆಂಟ್ ಕಾಲು ಮಿಲಿಆಂಪ್ ಮಾತ್ರ. ಎಲ್‌ಇಡಿ ಉರಿಸುವುದು ಅದರ ಕೆಲಸವೇ ಅಲ್ಲ. ಬೆಚ್ಚಗೆ ಯಾಕೆ? ಎನ್‌ಮಾಸ್ ಗೇಟುಗಳಲ್ಲಿ ಸುಮ್ಮನೆ ಕೂತಾಗಲೂ ಕರೆಂಟ್ ಹರಿಯುತ್ತಿರುತ್ತದೆ. ಇನ್ನು ಎಣಿಕೆ ಹಾರುವುದು. ಆ ಡೇಟಾಶೀಟಿನಲ್ಲಿ ಕ್ಲಾಕ್ ತಗ್ಗಿನಲ್ಲಿ ಇರಬಹುದಾದ ಕಾಲಕ್ಕೆ ಮೇಲಿನ ಮಿತಿ ಇದೆ: 2 ಮೈಕ್ರೋಸೆಕೆಂಡ್. ಚಿಪ್ಪಿನ ಒಳಗೆ ಕೆಲವು ಕಡೆ ಸೊನ್ನೆ ಒಂದುಗಳು ಪುಟ್ಟ ಕೆಪಾಸಿಟರಿನ ಚಾರ್ಜ್ ಆಗಿ ಇರುತ್ತವೆ. ಸೋರುವ ಬಿಂದಿಗೆಯಲ್ಲಿ ನೀರಿಟ್ಟ ಹಾಗೆ. ಬೇಗ ಬೇಗ ತುಂಬುತ್ತಿದ್ದರೆ ಸರಿ, ತಡ ಮಾಡಿದರೆ ಖಾಲಿ. ನಾನು ಕೊಡುತ್ತಿದ್ದ ಬಡಿತದಲ್ಲಿ ತಗ್ಗಿನ ಕಾಲ ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಮಿತಿಗಿಂತ ಎರಡು ಲಕ್ಷ ಪಟ್ಟು ಜಾಸ್ತಿ. ಅದು ಐದರವರೆಗೆ ಎಣಿಸಿದ್ದೇ ದೊಡ್ಡದು.

ಹಾಗಾದರೆ ವೇಗವಾಗಿ ಓಡಿಸಿದರೆ ಸರಿಯಾಗಬೇಕು. 555 ತೆಗೆದು 4 ಮೆಗಾಹರ್ಟ್ಸ್ ಆಸಿಲೇಟರ್ ಹಾಕಿದೆ. ಈಗ ಒಂದು ನಾಪ್‌ಗೆ ಒಂದು ಮೈಕ್ರೋಸೆಕೆಂಡ್. ಕೆಳಗಿನ ಬಿಟ್‌ಗಳು ಕಣ್ಣಿಗೆ ಕಾಣುವುದಿಲ್ಲ. ಆದರೆ ಚಿಪ್ 65,536 ವಿಳಾಸಗಳನ್ನೂ ದಾಟಿ ಮತ್ತೆ ಸೊನ್ನೆಗೆ ಬರಲು 65.5 ಮಿಲಿಸೆಕೆಂಡ್ ಬೇಕು. ಹಾಗಾಗಿ ಎಲ್ಲಕ್ಕಿಂತ ಮೇಲಿನ ಪಿನ್, ಎ15, ಸೆಕೆಂಡಿಗೆ ಸುಮಾರು 15 ಸಲ ಮಿನುಗಬೇಕು. ಅದು ಕಣ್ಣಿಗೆ ಸಿಗುವ ವೇಗ. ಎ15ಗೆ ಒಂದು ಎಲ್‌ಇಡಿ ಹಾಕಿದೆ. ಮೊದಲೇ ಮಂಕು. ಸಾಲದ್ದಕ್ಕೆ ಪ್ರತಿ ನಾಪ್‌ನ ಅರ್ಧ ಹೊತ್ತು ಝಡ್-80 ಅಡ್ರೆಸ್ ಪಿನ್ನುಗಳಲ್ಲಿ ಮೆಮೊರಿ ರಿಫ್ರೆಶ್ ವಿಳಾಸ ಇಡುತ್ತದೆ, ಆಗ ಎ15 ಸೊನ್ನೆ. ಕೋಣೆಯ ದೀಪ ಆರಿಸಿ ಮುಖ ಹತ್ತಿರ ತಂದು ನೋಡಿದೆ.

ಮಿನುಗುತ್ತಿತ್ತು. ಒಂದೇ ಲಯದಲ್ಲಿ, ತಪ್ಪದೆ.

ಹದಿನೈದು ಬೈಟ್‌ನ ತನಿಖೆ

ಕರೆಂಟ್, ಮಂಕು ದೀಪ, ವೇಗ, ಮೂರೂ ಒಂದೇ ಕಡೆ ಬೆರಳು ತೋರುತ್ತಿದ್ದವು. ಆದರೂ ಚಿಪ್ಪಿನ ಬಾಯಿಂದಲೇ ಕೇಳಬೇಕು ಅನ್ನಿಸಿತು. ಅದಕ್ಕೊಂದು ದಾರಿ ಇದೆ. ಝಡ್-80ರಲ್ಲಿ ಇಡಿ 71 ಅನ್ನುವ ಆದೇಶ ಇದೆ. ಝೈಲಾಗ್‌ನ ಕೈಪಿಡಿಯಲ್ಲಿ ಇಲ್ಲದ್ದು. ಎನ್‌ಮಾಸ್ ಚಿಪ್ ಅದನ್ನು ಓದಿದರೆ ಪೋರ್ಟಿಗೆ, ಅಂದರೆ ಹೊರಗಿನ ಸಾಧನಕ್ಕೆ ಹೋಗುವ ಬಾಗಿಲಿಗೆ, 00 ಕಳಿಸುತ್ತದೆ. ಸಿಮಾಸ್ ಚಿಪ್ ಎಫ್‌ಎಫ್, ಅಂದರೆ ಎಂಟೂ ಬಿಟ್ ಒಂದು, ಕಳಿಸುತ್ತದೆ. ತಲೆ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು, ಈ ಗುಟ್ಟನ್ನು ಬದಲಿಸಲು ಆಗುವುದಿಲ್ಲ.

ಗೆಳೆಯನೊಬ್ಬನಿಂದ ಪ್ರೋಗ್ರಾಮರ್ ಅನ್ನುವ ಬರೆಯುವ ಸಾಧನ ಕಡ ತಂದು, ಕರೆಂಟ್ ಹೋದರೂ ಬರೆದದ್ದು ಉಳಿಯುವ ಮೆಮೊರಿ ಚಿಪ್ 28ಸಿ256 ಈಪ್ರಾಮ್‌ಗೆ ಹದಿನೈದು ಬೈಟ್ ಬರೆದೆ:

3ಇ 55 ಡಿ3 00 01 00 00 0ಬಿ 78 ಬಿ1 20 ಎಫ್‌ಬಿ ಇಡಿ 71 76

ಮೊದಲ ನಾಲ್ಕು ಬೈಟ್ ಪೋರ್ಟಿಗೆ 55, ಬೈನರಿಯಲ್ಲಿ 01010101, ಕಳಿಸುತ್ತವೆ. ಎಂಟು ಎಲ್‌ಇಡಿಯಲ್ಲಿ ಒಂದು ಬಿಟ್ಟು ಒಂದು ಹೊತ್ತಬೇಕು. ಇದು ಯಾಕೆ ಬೇಕು ಅಂದರೆ, ಉತ್ತರ 00 ಬಂದರೆ ದೀಪಗಳೆಲ್ಲ ಆರಿರುತ್ತವೆ. ಪ್ರೋಗ್ರಾಮ್ ಓಡದಿದ್ದರೂ ಆರಿರಬಹುದು. ಹೊತ್ತಿ ಆಮೇಲೆ ಆರಿದರೆ ಮಾತ್ರ ಅದು ಉತ್ತರ. ಮುಂದಿನ ಎಂಟು ಬೈಟ್ ಸುಮ್ನೆ ಕೆಳಮುಖ ಎಣಿಕೆ. 4 ಮೆಗಾಹರ್ಟ್ಸ್‌ನಲ್ಲಿ ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಕೊನೆಗೆ ಇಡಿ 71, ಆಮೇಲೆ ಹಾಲ್ಟ್. ಸ್ಟ್ಯಾಕ್ ಇಲ್ಲ, ಹಾಗಾಗಿ ರ‍್ಯಾಮ್ ಚಿಪ್ಪೂ ಬೇಡ. ಅಂದಹಾಗೆ 20 ಮತ್ತು ಇಡಿ ಬಿಟ್ಟರೆ ಉಳಿದ ಆದೇಶಗಳೆಲ್ಲ ನಮ್ಮ ಲ್ಯಾಬಿನ 8085ಗೂ ಅರ್ಥವಾಗುತ್ತವೆ. ಬರೆಯುವಾಗ ಕೈ ತಾನಾಗಿ ಓಡಿತು.

ಔಟ್‌ಪುಟ್‌ಗೆ 74ಎಚ್‌ಸಿ374 ಲ್ಯಾಚ್ ಹಾಕಿದೆ. ಝಡ್-80ರ ಐಒರಿಕ್ವೆಸ್ಟ್ ಮತ್ತು ರೈಟ್ ಪಿನ್ನುಗಳನ್ನು ಒಂದು ಆರ್ ಗೇಟಿಗೆ ಕೊಟ್ಟು, ಅದರಿಂದ ಲ್ಯಾಚಿಗೆ ಬಡಿತ. ಪೋರ್ಟ್ ಒಂದೇ ಆದ್ದರಿಂದ ವಿಳಾಸ ಬಿಡಿಸುವ ಗೋಜಿಲ್ಲ.

ಪವರ್ ಕೊಟ್ಟರೆ ಏನೂ ಇಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಕಂಡಿತು: ನಾಪ್ ಪರೀಕ್ಷೆಗೆ ಡೇಟಾ ಪಿನ್ನುಗಳಿಂದ ಗ್ರೌಂಡಿಗೆ ಹಾಕಿದ್ದ 1ಕೆ ರೆಸಿಸ್ಟರ್‌ಗಳು ಇನ್ನೂ ಅಲ್ಲೇ ಇದ್ದವು. ಈಪ್ರಾಮ್ ಏನು ಹೇಳಿದರೂ ಅವು ಕೆಳಕ್ಕೆ ಎಳೆದು ಸೊನ್ನೆ ಮಾಡುತ್ತಿದ್ದವು. ಕಿತ್ತೆಸೆದೆ. ಈಗ ದೀಪ ಹೊತ್ತಿದವು, ಆದರೆ ಒಂದೊಂದು ಸಲ ಒಂದೊಂದು ವಿನ್ಯಾಸ. ಇದಕ್ಕೆ ಕಾರಣವೂ ಅದೇ ಡೇಟಾಶೀಟಿನಲ್ಲಿತ್ತು. ಎನ್‌ಮಾಸ್ ಚಿಪ್ ‘ಒಂದು’ ಅನ್ನುವುದನ್ನು 2.4 ವೋಲ್ಟಿನಷ್ಟು ಕೆಳಗೂ ಹೇಳಬಹುದು. 74ಎಚ್‌ಸಿ ಚಿಪ್‌ಗೆ ಅದು ಒಂದು ಅಂತ ಖಚಿತವಾಗಿ ಕೇಳಿಸಲು ಸುಮಾರು 3.5 ಬೇಕು. 74ಎಚ್‌ಸಿಟಿ ಸರಣಿಗೆ 2 ವೋಲ್ಟ್ ಸಾಕು. ಆ ಒಂದು ‘ಟಿ’ಗಾಗಿ ಮತ್ತೆ ಎಸ್‌ಪಿ ರೋಡ್. ಸಿಮಾಸ್ ಅಂತ ನಂಬಿ ಎಚ್‌ಸಿ ಕೊಂಡಿದ್ದೆ, ಅಲ್ಲೂ ಆ ಅಚ್ಚಿನ ಅಕ್ಷರವೇ ದಾರಿ ತಪ್ಪಿಸಿತ್ತು.

ಎಚ್‌ಸಿಟಿ ಹಾಕಿ ಪವರ್ ಕೊಟ್ಟೆ. ಒಂದು ಬಿಟ್ಟು ಒಂದು ನಾಲ್ಕು ದೀಪ ಹೊತ್ತಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಆರಿದವು. ಹಾಲ್ಟ್ ಪಿನ್ ಮೀಟರಿನಲ್ಲಿ ತಗ್ಗು ತೋರಿಸಿತು. ಪ್ರೋಗ್ರಾಮ್ ಕೊನೆ ಮುಟ್ಟಿದೆ. ಉತ್ತರ 00. ಎನ್‌ಮಾಸ್.

ಅದೇ ಗೆಳೆಯನ ಹತ್ತಿರ ಹಳೆಯ ಯಂತ್ರವೊಂದರಿಂದ ಕಿತ್ತ ಸಿಮಾಸ್ ಝಡ್-80 ಇತ್ತು. ಅದನ್ನೂ ಇದೇ ಬೋರ್ಡಿಗೆ ಹಾಕಿದೆ. ನಾಲ್ಕು ದೀಪ, ಆಮೇಲೆ ಎಂಟೂ ದೀಪ ಝಗ್ ಅಂದವು. ಆಮೇಲೆ 555 ವಾಪಸ್ ಹಾಕಿ ಒಂದು ಹರ್ಟ್ಸ್‌ನಲ್ಲಿ ನಾಪ್ ಪರೀಕ್ಷೆ ಮಾಡಿದೆ. ಸೊನ್ನೆಯಿಂದ ಅರವತ್ತರವರೆಗೆ ಕೂತು ನೋಡಿದೆ, ಒಂದೂ ತಪ್ಪಲಿಲ್ಲ. ನನ್ನ ವೈರಿಂಗ್ ಎರಡನೇ ಭಾನುವಾರದಿಂದಲೂ ಸರಿಯಾಗಿಯೇ ಇತ್ತು.

ಹಣೆ ಒರೆಸಿದಾಗ

ಮಗಳ ನೇಲ್ ಪಾಲಿಶ್ ರಿಮೂವರ್ ಹತ್ತಿಗೆ ಹಾಕಿ ಚಿಪ್ಪಿನ ತಲೆ ಒರೆಸಿದೆ. ಅದರಲ್ಲಿ ಅಸಿಟೋನ್ ಇರುತ್ತದೆ. ಹತ್ತಿ ಕಪ್ಪಾಯಿತು. ಬಿಳಿ ಅಕ್ಷರ ಹೋಯಿತು, ಕೆಳಗಿನ ಕಪ್ಪು ಬಣ್ಣವೂ ಹೋಯಿತು. ಅದರಡಿ ಉಜ್ಜು ಕಾಗದದ ಸಣ್ಣ ಸಣ್ಣ ಗೀರು, ಎಲ್ಲ ಒಂದೇ ದಿಕ್ಕಿಗೆ. ಮೂಲ ಹೆಸರು ಸವೆದು ಹೋಗಿತ್ತು.

ಈ ದಂಧೆ ಗೊತ್ತಿರುವವರಿಗೆ ಹೊಸದಲ್ಲ. ಗುಜರಿ ಬೋರ್ಡುಗಳಿಂದ ಹಳೆಯ ಚಿಪ್ ಕೀಳುತ್ತಾರೆ, ತಲೆ ಉಜ್ಜುತ್ತಾರೆ, ಬಣ್ಣ ಬಳಿದು ಜಾಸ್ತಿ ಬೆಲೆಯ ನಂಬರ್ ಅಚ್ಚು ಹಾಕುತ್ತಾರೆ. 2024ರ ಏಪ್ರಿಲ್‌ನಲ್ಲಿ ಝೈಲಾಗ್ ಝಡ್84ಸಿ00 ತಯಾರಿಕೆ ನಿಲ್ಲಿಸುವುದಾಗಿ ತಿಳಿಸಿತು. ಕೊನೆಯ ಆರ್ಡರ್‌ಗೆ ಅದೇ ವರ್ಷದ ಜೂನ್ 14 ಗಡುವು. 48 ವರ್ಷ ನಡೆದ ಅಂಗಡಿ ಬಾಗಿಲು ಹಾಕಿದ ಹಾಗೆ. ಹೊಸ ಮಾಲು ನಿಂತ ಮೇಲೆ ಹಳೆಯದಕ್ಕೆ ಬಣ್ಣ ಬಳಿಯುವವರ ಕೈ ಇನ್ನೂ ಚುರುಕಾಗುತ್ತದೆ. ಮಾರಿದವರಿಗೆ ಫೋಟೊ ಕಳಿಸಿದೆ. ತಕರಾರಿಲ್ಲದೆ ದುಡ್ಡು ವಾಪಸ್ ಬಂತು. ಚಿಪ್ ವಾಪಸ್ ಕೇಳಲಿಲ್ಲ.

ಗೆಳೆಯನ ಚಿಪ್ ಕೊಂಡುಬಿಡಬಹುದಿತ್ತು. ಆದರೆ ನನ್ನದು ಕೆಟ್ಟದ್ದಲ್ಲ, ಸುಳ್ಳು ಹೆಸರಿನದು ಅಷ್ಟೇ. ಅದಕ್ಕೆ ತಕ್ಕ ಹಾಗೆ ನಕ್ಷೆ ಬದಲಿಸಿದೆ. ಆರ್‌ಸಿ2014ರಂಥ ಈಗಿನ ಝಡ್-80 ಕಿಟ್‌ಗಳು 7.3728 ಮೆಗಾಹರ್ಟ್ಸ್ ಬಳಸುತ್ತವೆ. ಅದನ್ನು 64ರಿಂದ ಭಾಗಿಸಿದರೆ, ಲ್ಯಾಪ್‌ಟಾಪ್ ಜೊತೆ ಮಾತಾಡುವ ಸೀರಿಯಲ್ ಪೋರ್ಟಿಗೆ ಬೇಕಾದ ವೇಗ, ಸೆಕೆಂಡಿಗೆ 1,15,200 ಬಿಟ್, ಸರಿಯಾಗಿ ಸಿಗುತ್ತದೆ. ನನ್ನ ಹಳೆಯ ಚಿಪ್‌ನಿಂದ ಆ ಓಟ ಕೇಳುವುದು ನ್ಯಾಯವಲ್ಲ. ಅರ್ಧಕ್ಕೆ ಇಳಿಸಿ 3.6864 ಮೆಗಾಹರ್ಟ್ಸ್ ಹಾಕಿದೆ. 64ರಿಂದ ಭಾಗಿಸಿದರೆ 57,600. ಅದೂ ಚೊಕ್ಕ ಸಂಖ್ಯೆಯೇ. ಝಡ್-80 ಇದ್ದ 1982ರ ಮನೆ ಕಂಪ್ಯೂಟರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಓಡಿದ್ದೂ 3.5 ಮೆಗಾಹರ್ಟ್ಸ್‌ನಲ್ಲಿ. ಸೀರಿಯಲ್‌ಗೆ 6850, ಮೆಮೊರಿಗೆ 62256 ರ‍್ಯಾಮ್. ಎ15 ಸೊನ್ನೆ ಇದ್ದರೆ ಈಪ್ರಾಮ್, ಒಂದು ಇದ್ದರೆ ರ‍್ಯಾಮ್, ತಲಾ 32 ಕೆಬಿ.

ಒಂದೊಂದೇ ಹೆಜ್ಜೆ ಓಡಿಸಿ ನೋಡುವ ಆಸೆ ಮಾತ್ರ ಬಿಡಲಾಗಲಿಲ್ಲ. ಕ್ಲಾಕ್ ನಿಲ್ಲಿಸುವಂತಿಲ್ಲ. ಆದರೆ ವೇಟ್ ಪಿನ್ ತಗ್ಗಿಸಿ ಹಿಡಿದರೆ ಕ್ಲಾಕ್ ಓಡುತ್ತಲೇ ಇರುತ್ತದೆ, ಚಿಪ್ ಮಾತ್ರ ಮೆಮೊರಿಯ ಬಾಗಿಲಲ್ಲಿ ಕಾಯುತ್ತಾ ನಿಲ್ಲುತ್ತದೆ. ಅಡ್ರೆಸ್ ದೀಪ ಅಲ್ಲಾಡದೆ ನಿಲ್ಲುತ್ತವೆ. ಒಂದು 74ಎಚ್‌ಸಿಟಿ74, ಒಂದು ಬಟನ್. ಒತ್ತಿದಷ್ಟು ಸಲ ಒಂದೊಂದು ಹೆಜ್ಜೆ. ದೀಪಗಳನ್ನೂ ಈಗ ಎಚ್‌ಸಿಟಿ ಬಫರ್ ಮೂಲಕ ಉರಿಸುತ್ತೇನೆ, ಮಂಕಿಲ್ಲ.

ಕಳೆದ ವಾರ ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ ಒಂದು ಕೀ ಒತ್ತಿದೆ, ಅದೇ ಅಕ್ಷರ ಬೋರ್ಡಿನಿಂದ ವಾಪಸ್ ಬಂತು. ಬೋರ್ಡು ಮೇಜಿನ ಮೂಲೆಯಲ್ಲಿದೆ. ಬೋಳು ತಲೆಯ ಚಿಪ್ ಅದರ ನಡುವೆ ಬೆಚ್ಚಗೆ ಕೂತಿದೆ. ಮಗಳು ಬಿಳಿ ಕರೆಕ್ಷನ್ ಪೆನ್ನಿನಲ್ಲಿ ಅದರ ಹಣೆ ಮೇಲೆ ‘ಎನ್‌ಮಾಸ್’ ಅಂತ ಕನ್ನಡದಲ್ಲಿ ಬರೆದಿದ್ದಾಳೆ.